ಐವತ್ತು–ಐವತ್ತು ಅಂದರೆ ಐವತ್ತು–ಐವತ್ತಲ್ಲ

ಪಿಯುಸಿಯಲ್ಲಿ ಶೇ 96 ತೆಗೆದ ಹುಡುಗಿಯ ಸಿಇಟಿ ರ‍್ಯಾಂಕ್, ಶೇ 89 ತೆಗೆದ ಗೆಳತಿಯ ರ‍್ಯಾಂಕಿಗಿಂತ ಹಿಂದೆ ಹೋದರೆ ಮನೆಯಲ್ಲಿ ಏನೇನು ಮಾತು ಬರುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ‘ಎಲ್ಲೋ ಮಿಸ್ಟೇಕ್ ಆಗಿದೆ’, ‘ಓಎಂಆರ್ ಸರಿಯಾಗಿ ತುಂಬಿಲ್ಲ ಅನ್ಸತ್ತೆ’, ‘ಆವತ್ತೇ ಹೇಳಿದ್ದೆ, ಕೋಚಿಂಗ್‌ಗೆ ಹಾಕಿ ಅಂತ’. ನನ್ನ ಚಿಕ್ಕಮ್ಮನ ಮಗಳ ವಿಷಯದಲ್ಲೂ ಇದೇ ಆಯಿತು. ಚಿಕ್ಕಮ್ಮ ಹಾಸನದಿಂದ ಫೋನ್ ಮಾಡಿ ಕೇಳಿದ್ದು ಮಾತ್ರ ಈ ಯಾವುದೂ ಅಲ್ಲ.

‘ಅಲ್ವೋ, ಐವತ್ತು ಪರ್ಸೆಂಟ್ ಪಿಯುಸಿ, ಐವತ್ತು ಪರ್ಸೆಂಟ್ ಸಿಇಟಿ ಅಂತಾರೆ. ಇವಳು ಪಿಯುಸೀಲಿ ಏಳು ಪರ್ಸೆಂಟ್ ಮುಂದೆ ಇದ್ಲು. ಆ ಏಳು ಎಲ್ಲಿಗೆ ಹೋಯ್ತು?’

ಒಳ್ಳೆಯ ಪ್ರಶ್ನೆ. ಎಂಜಿನಿಯರಿಂಗ್ ಓದಿ, ದಿನಾ ಡೇಟಾ ಜೊತೆಗೇ ಒದ್ದಾಡುವ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಎರಡು ಭಾನುವಾರ ಕೂತು ಲೆಕ್ಕ ಹಾಕಿದ ಮೇಲೆ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಪಿಯುಸಿಯಲ್ಲಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಬರೀ ಕೂಡುವ ಲೆಕ್ಕ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಈ ಮೂರರ ಪಿಯುಸಿ ಅಂಕಗಳಲ್ಲಿ ಅರ್ಧ, ಸಿಇಟಿ ಅಂಕಗಳಲ್ಲಿ ಅರ್ಧ ಸೇರಿಸುತ್ತಾರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, ಒಟ್ಟು 180. ನನ್ನ ತಂಗಿಗೆ ಬಂದದ್ದು 98, ಅಂದರೆ ಶೇ 54.4. ಗೆಳತಿಗೆ 118, ಶೇ 65.6. ತಂಗಿಯದು 96 ಮತ್ತು 54.4ರ ಸರಾಸರಿ, 75.2. ಗೆಳತಿಯದು 89 ಮತ್ತು 65.6ರ ಸರಾಸರಿ, 77.3. ಏಳು ಎಲ್ಲಿಗೂ ಹೋಗಿಲ್ಲ, ಸಿಇಟಿಯ ಹನ್ನೊಂದರ ಎದುರು ಸೋತಿತು, ಅಷ್ಟೇ.

ಆದರೆ ಚಿಕ್ಕಮ್ಮನ ಹೊಟ್ಟೆಯೊಳಗಿನ ಸಂಕಟ ಇದಲ್ಲ. ಅವರ ಲೆಕ್ಕದಲ್ಲಿ ಪಿಯುಸಿಯ ಏಳು ಅಂದರೆ ದೊಡ್ಡ ಅಂತರ. 89 ತೆಗೆಯುವವರು ಕ್ಲಾಸಿನಲ್ಲಿ ಬೇಕಾದಷ್ಟು ಜನ, 96 ತೆಗೆಯುವವರು ಬೆರಳೆಣಿಕೆ. ಸಿಇಟಿಯಲ್ಲಿ 98ಕ್ಕೂ 118ಕ್ಕೂ ನಡುವೆ ಅಂಥ ಬೆಟ್ಟವೇನೂ ಇಲ್ಲ. ಅವರ ಅನಿಸಿಕೆ ಸರಿ. ಅಳತೆಗಳ ಲೆಕ್ಕಾಚಾರ ಮಾಡುವವರು ನೂರು ವರ್ಷದಿಂದ ಹೇಳುತ್ತಿರುವುದೂ ಇದನ್ನೇ: ಎರಡು ಅಂಕಗಳನ್ನು ಕೂಡಿದಾಗ ಯಾವುದು ಹೆಚ್ಚು ತೂಗುತ್ತದೆ ಅನ್ನುವುದು ಗರಿಷ್ಠ ಅಂಕದ ಮೇಲೆ ನಿಂತಿಲ್ಲ, ಆ ಅಂಕಗಳು ಎಷ್ಟು ಹರಡಿಕೊಂಡಿವೆ ಅನ್ನುವುದರ ಮೇಲೆ ನಿಂತಿದೆ.

ಗಣೇಶನ ಹಬ್ಬದಲ್ಲಿ ಅಪಾರ್ಟ್‌ಮೆಂಟಿನ ರಂಗೋಲಿ ಸ್ಪರ್ಧೆ ನೆನಪಿಸಿಕೊಳ್ಳಿ. ಇಬ್ಬರು ತೀರ್ಪುಗಾರರು, ತಲಾ ಹತ್ತು ಅಂಕ. ಒಬ್ಬ ಅಂಕಲ್‌ಗೆ ಯಾರನ್ನೂ ಬೇಜಾರು ಮಾಡೋಕೆ ಇಷ್ಟ ಇಲ್ಲ, ಎಲ್ಲರಿಗೂ 8 ಇಲ್ಲಾ 9. ಇನ್ನೊಬ್ಬ ಆಂಟಿ ನೇರಾನೇರ, ಒಬ್ಬರಿಗೆ 3, ಇನ್ನೊಬ್ಬರಿಗೆ 10. ಕಾಗದದ ಮೇಲೆ ಇಬ್ಬರಿಗೂ ಅರ್ಧರ್ಧ ಅಧಿಕಾರ. ಬಹುಮಾನ ಯಾರಿಗೆ ಅಂತ ತೀರ್ಮಾನ ಮಾಡಿದ್ದು ಮಾತ್ರ ಆಂಟಿಯೇ. ಅಂಕಲ್ ಬರದಿದ್ದರೂ ಹೆಚ್ಚೂಕಡಿಮೆ ಅದೇ ಫಲಿತಾಂಶ.

ನಮ್ಮ ರ‍್ಯಾಂಕ್ ಪಟ್ಟಿಯಲ್ಲಿ ಪಿಯುಸಿ ಅನ್ನುವುದು ಆ ಅಂಕಲ್. ಒಂದು ಊಹೆಯ ಲೆಕ್ಕ ಹಾಕೋಣ (ಈ ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು, ಯಾವ ಇಲಾಖೆಯ ಅಂಕಿಅಂಶವೂ ಅಲ್ಲ). ಸೀಟಿಗೆ ಪೈಪೋಟಿ ನಡೆಸುವ ಮಕ್ಕಳ ಪಿಯುಸಿ ಅಂಕಗಳು ಸರಾಸರಿಯ ಆಚೀಚೆ 6 ಶೇಕಡದಷ್ಟು ಹರಡಿವೆ, ಸಿಇಟಿ ಅಂಕಗಳು 12ರಷ್ಟು. ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 6 ಮತ್ತು 12. ಎರಡರ ನಡುವಿನ ಕೋರಿಲೇಷನ್ 0.6 ಅಂದುಕೊಳ್ಳಿ. ಹೀಗಿದ್ದಾಗ ಒಟ್ಟು ಅಂಕದ ಏರಿಳಿತದಲ್ಲಿ ಪಿಯುಸಿಯ ಪಾಲು ಸುಮಾರು ಶೇ 30, ಸಿಇಟಿಯದು ಶೇ 70. ಸರ್ಕಾರದ ನಿಯಮದಲ್ಲಿ 50:50, ಲೆಕ್ಕದಲ್ಲಿ 30:70. ಯಾರೂ ಮೋಸ ಮಾಡಿಲ್ಲ. ಹರಹು ಬೇರೆ ಬೇರೆ ಇರುವ ಎರಡು ಶೇಕಡಾವಾರುಗಳನ್ನು ಹಾಗೇ ಕೂಡಿದರೆ ಆಗುವುದೇ ಹೀಗೆ.

ನಮ್ಮ ಆಫೀಸಿನಲ್ಲಿ ಫ್ರೆಶರ್‌ಗಳಿಗೆ ಕೊಡುವ ಟೆಸ್ಟಿನಲ್ಲೂ ಇದೇ ಕಥೆ, ಸ್ವಲ್ಪ ಉಲ್ಟಾ. 50 ಅಂಕಕ್ಕೆ ಎಂಸಿಕ್ಯೂ, 50 ಅಂಕಕ್ಕೆ ಎರಡು ಕೋಡಿಂಗ್ ಪ್ರಶ್ನೆ. ಕೋಡ್ ಎಲ್ಲ ಟೆಸ್ಟ್ ಕೇಸ್ ಪಾಸಾದರೆ 25, ಇಲ್ಲದಿದ್ದರೆ ಸೊನ್ನೆ. ಎಂಸಿಕ್ಯೂನಲ್ಲಿ ಹೆಚ್ಚಿನವರು 28ರಿಂದ 38ರ ನಡುವೆ ಗುಂಪುಗೂಡುತ್ತಾರೆ. ಕೋಡಿಂಗ್‌ನಲ್ಲಿ ಇರುವುದೇ ಮೂರು ಅಂಕ: 0, 25, 50. ಅಂದಮೇಲೆ ಆ ಎಂಸಿಕ್ಯೂ ಬರೆಸುವ ಒಂದು ಗಂಟೆ ಬಹುಮಟ್ಟಿಗೆ ಶೋಕಿಗೆ. ನಿಮ್ಮಲ್ಲಿ ಇಂಥ ಟೆಸ್ಟ್ ಮಾಡುವವರಿದ್ದರೆ ಒಂದು ಸಲ ಎರಡು ಭಾಗಗಳ ಹರಹು ನೋಡಿ.

ಪಿಯುಸಿ ಅಂಕಗಳು ಯಾಕೆ ಇಷ್ಟು ಒತ್ತೊತ್ತಾಗಿ ಕೂತಿರುತ್ತವೆ? ಭೌತಶಾಸ್ತ್ರ, ರಸಾಯನಶಾಸ್ತ್ರದಲ್ಲಿ 70 ಅಂಕ ಥಿಯರಿ, 30 ಪ್ರಾಕ್ಟಿಕಲ್. ಗಣಿತದಲ್ಲಿ ಈಗ 80 ಥಿಯರಿ, 20 ಆಂತರಿಕ ಮೌಲ್ಯಮಾಪನ. ಪ್ರಾಕ್ಟಿಕಲ್‌ನಲ್ಲಿ 30ಕ್ಕೆ 28ಕ್ಕಿಂತ ಕಡಿಮೆ ಬಂದವರನ್ನು ನಾನಂತೂ ಹೆಚ್ಚು ಕಂಡಿಲ್ಲ. ಇಂಟರ್ನಲ್ಸ್ ಕಾಲೇಜಿನ ಕೈಯಲ್ಲೇ ಇರುತ್ತದೆ, ಯಾವ ಮೇಷ್ಟ್ರು ತಾನೇ ತಮ್ಮ ಮಕ್ಕಳಿಗೆ 12 ಕೊಟ್ಟು ಕೂರುತ್ತಾರೆ? ಮೂರು ವಿಷಯ ಸೇರಿದರೆ 300ರಲ್ಲಿ 80 ಅಂಕ ಎಲ್ಲರಿಗೂ ಹತ್ತಿರ ಹತ್ತಿರ ಒಂದೇ. ಆ 80 ಅಂಕ ಮಾರ್ಕ್ಸ್ ಕಾರ್ಡನ್ನು ಚೆಂದ ಕಾಣಿಸುತ್ತದೆ, ಯಾರು ಮುಂದೆ ಯಾರು ಹಿಂದೆ ಅನ್ನುವುದಕ್ಕೆ ಏನೂ ಸೇರಿಸುವುದಿಲ್ಲ.

ಇಲ್ಲಿವರೆಗೆ ಹೇಳಿದ್ದು ತೂಕದ ವಿಷಯ. ತಕ್ಕಡಿ ಎಷ್ಟು ಅಲುಗಾಡುತ್ತದೆ ಅನ್ನುವುದು ಬೇರೆ.

ಒಂದೇ ಹುಡುಗಿ, ಅಷ್ಟೇ ಓದು. ಇವತ್ತೊಂದು ಪರೀಕ್ಷೆ, ನಾಳೆ ಅಷ್ಟೇ ಕಷ್ಟದ ಇನ್ನೊಂದು ಪರೀಕ್ಷೆ ಬರೆದರೆ ಅಂಕ ಅದೇ ಬರುತ್ತದಾ? ಬರಲ್ಲ. ಆ ವ್ಯತ್ಯಾಸವನ್ನು ನಾವು ಸಾಫ್ಟ್‌ವೇರ್‌ನವರು ನಾಯ್ಸ್ ಅಂತೀವಿ, ಇಲ್ಲಿ ಗದ್ದಲ ಅನ್ನೋಣ. ಗದ್ದಲ ಕಡಿಮೆ ಇದ್ದಷ್ಟೂ ಪರೀಕ್ಷೆ ವಿಶ್ವಾಸಾರ್ಹ. ಇದನ್ನು 0ಯಿಂದ 1ರವರೆಗಿನ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ: 1 ಅಂದರೆ ಗದ್ದಲವೇ ಇಲ್ಲ, 0 ಅಂದರೆ ಪೂರ್ತಿ ಲಾಟರಿ. ಪ್ರತಿಯೊಂದು ಬಗೆಯ ಪ್ರಶ್ನೆಗೂ ಅದರದ್ದೇ ಆದ ಗದ್ದಲ ಇದೆ, ಮತ್ತು ಅವು ಒಂದರಂತೆ ಇನ್ನೊಂದಿಲ್ಲ. ಮಿಶ್ರ ಪ್ರಶ್ನೆಪತ್ರಿಕೆಯ ಎಲ್ಲ ತಲೆನೋವು ಶುರುವಾಗುವುದು ಇಲ್ಲಿಂದ.

ಬರೆಯುವ ಉತ್ತರದ ಗದ್ದಲ ಮೌಲ್ಯಮಾಪಕರಿಂದ ಬರುತ್ತದೆ. ನನ್ನ ದೊಡ್ಡಪ್ಪ ನಿವೃತ್ತ ಪಿಯು ಉಪನ್ಯಾಸಕರು, ಗಣಿತ. ವರ್ಷಾನುಗಟ್ಟಲೆ ವ್ಯಾಲ್ಯುಯೇಷನ್‌ಗೆ ಹೋದವರು. ಅವರು ಹೇಳುವ ಪ್ರಕಾರ ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಅನ್ನೋದು ಇರೋದೇ ಈ ಗದ್ದಲ ಅಡಗಿಸೋಕೆ. ಐದು ಅಂಕದ ಪ್ರಶ್ನೆಯನ್ನು ಹಂತ ಹಂತವಾಗಿ ಒಡೆದು, ಸೂತ್ರಕ್ಕೆ ಒಂದು, ಬೆಲೆ ಹಾಕಿದ್ದಕ್ಕೆ ಒಂದು, ಹೀಗೆ ಬರೆದಿರುತ್ತಾರೆ. ‘ಸ್ಕೀಮಿನ ದಾರಿಯಲ್ಲೇ ಬಂದವನಿಗೆ ಯಾರು ನೋಡಿದರೂ ಅಷ್ಟೇ ಅಂಕ. ಬೇರೆ ದಾರಿ ಹಿಡಿದು ಅರ್ಧಕ್ಕೆ ನಿಂತಿರ್ತಾನಲ್ಲ, ಅವನಿಗೆ ನಾನು ಮೂರು ಕೊಟ್ಟರೆ ಪಕ್ಕದ ಟೇಬಲ್‌ನವರು ಒಂದು ಕೊಡ್ತಿದ್ರು’ ಅನ್ನುತ್ತಾರೆ. ಗಣಿತದಲ್ಲೇ ಹೀಗಾದರೆ ಭಾಷೆಯ ಪ್ರಬಂಧದ ಕಥೆ ಕೇಳಬೇಕೇ?

ಇದು ನಮ್ಮ ಊರಿನ ಸಮಸ್ಯೆ ಮಾತ್ರ ಅಲ್ಲ. 1888ರಲ್ಲೇ ಎಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಪರೀಕ್ಷಾ ಅಂಕಗಳನ್ನು ವಿಜ್ಞಾನದ ಅಳತೆಗಳ ಹಾಗೆಯೇ ನೋಡಬೇಕು, ಅದಕ್ಕೂ ದೋಷದ ಲೆಕ್ಕ ಹಾಕಬೇಕು ಅಂತ ಬರೆದಿದ್ದ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಇಂಗ್ಲಿಷ್ ಪರೀಕ್ಷೆಯ ಉತ್ತರಪತ್ರಿಕೆಗಳ ಪ್ರತಿಗಳನ್ನು ಬೇರೆ ಬೇರೆ ಶಾಲೆಗಳಿಗೆ ಕಳಿಸಿ ಅಂಕ ಹಾಕಿಸಿದರು. 142 ಶಿಕ್ಷಕರು ಅಂಕ ಹಾಕಿ ಕಳಿಸಿದರು. ಒಂದೇ ಉತ್ತರಪತ್ರಿಕೆಗೆ 64ರಿಂದ 98ರವರೆಗೆ! ‘ಇಂಗ್ಲಿಷ್ ಆದ್ದರಿಂದ ಹೀಗೆ, ಗಣಿತದಲ್ಲಿ ಆಗಲ್ಲ’ ಅಂದವರಿಗಾಗಿ ಮರುವರ್ಷ ರೇಖಾಗಣಿತದ ಪತ್ರಿಕೆಯನ್ನೂ ಕಳಿಸಿದರು. ಅಂತರ ಇನ್ನೂ ಜಾಸ್ತಿ ಬಂತು. ನೀಟಾಗಿ ಬರೆದಿಲ್ಲ ಅಂತ ಕಳೆದವರು, ಹಂತಗಳಿಗೆ ಕೊಟ್ಟವರು, ಕೊನೆ ಉತ್ತರ ಮಾತ್ರ ನೋಡಿದವರು, ಎಲ್ಲರೂ ಅದರಲ್ಲಿದ್ದರು.

ಎಂಸಿಕ್ಯೂಗೆ ಈ ಕಾಟ ಇಲ್ಲ. ಮಷಿನ್‌ಗೆ ಊಟದ ನಂತರ ನಿದ್ದೆ ಬರಲ್ಲ. ಅದರ ಗದ್ದಲ ಹುಡುಗರ ಕೈಯಿಂದ ಬರುತ್ತದೆ: ಊಹೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ, 60 ಪ್ರಶ್ನೆಗೆ 80 ನಿಮಿಷ. ‘ಅಣ್ಣ, ಕೊನೇ ಐದು ನಿಮಿಷ ಉಳಿದಿದ್ದಕ್ಕೆಲ್ಲ ಸಿ ಹಾಕಿದೆ’ ಅಂದಳು ನನ್ನ ತಂಗಿ, ಎಲ್ಲರೂ ಮಾಡುವುದು ಅದನ್ನೇ, ತಪ್ಪೇನಿಲ್ಲ. ಈಗ ಅವಳ 98 ತಗೊಳ್ಳಿ. 71 ಪ್ರಶ್ನೆ ನಿಜವಾಗಿ ಗೊತ್ತಿದ್ದು, ಉಳಿದ 109ಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಸರಾಸರಿ 27 ಸರಿಯಾಗಿ 98 ಬರುತ್ತದೆ. ಆ 27 ಪ್ರತಿಸಲ 27 ಆಗಲ್ಲ, 4.5ರಷ್ಟು ಆಚೀಚೆ ಓಲಾಡುತ್ತದೆ. ಮೂರರಲ್ಲಿ ಎರಡು ಸಲ ಅವಳ ಅಂಕ 94ರಿಂದ 103ರೊಳಗೆ, ಮೂರನೇ ಸಲ ಅದರಿಂದಲೂ ಹೊರಗೆ. ಓದು ಒಂದಿಷ್ಟೂ ಬದಲಾಗದೆ! ಗೆಳತಿಯ 118ಕ್ಕೂ ಇದೇ ರೀತಿ ಸುಮಾರು 4ರ ಓಲಾಟ. (ಎರಡು ಆಯ್ಕೆ ತೆಗೆದುಹಾಕಿ ಉಳಿದ ಎರಡರಲ್ಲಿ ಊಹಿಸುವವರೇ ಹೆಚ್ಚು. ಆಗ ಲೆಕ್ಕ ಸ್ವಲ್ಪ ಬದಲಾಗುತ್ತದೆ, ಓಲಾಟ ತಪ್ಪಲ್ಲ.)

ಹಾಗಾದರೆ ಇಬ್ಬರ ಒಟ್ಟು ಅಂಕದಲ್ಲಿ ಎಷ್ಟು ಗದ್ದಲ? ಇಲ್ಲಿ ಒಂದು ಸಮಾಧಾನದ ವಿಷಯ ಇದೆ. ಸಂಬಂಧವಿಲ್ಲದ ಎರಡು ಗದ್ದಲಗಳು ಸೇರಿದಾಗ ನೇರ ಕೂಡುವುದಿಲ್ಲ, ಪೈಥಾಗೊರಸ್‌ನ ತ್ರಿಕೋನದ ಥರ ಕೂಡುತ್ತವೆ. 3 ಮತ್ತು 4 ಸೇರಿದರೆ 7 ಅಲ್ಲ, 5. ಒಂದು ಕಡೆ ಅದೃಷ್ಟ ಕೈಕೊಟ್ಟರೆ ಇನ್ನೊಂದು ಕಡೆ ಕೈಹಿಡಿಯುವ ಸಾಧ್ಯತೆ ಇರುತ್ತದಲ್ಲ, ಅದಕ್ಕೆ. ಬೇರೆ ಬೇರೆ ಬಗೆಯ ಪ್ರಶ್ನೆ, ಬೇರೆ ಬೇರೆ ಪರೀಕ್ಷೆ ಸೇರಿಸುವುದರ ಪರವಾಗಿ ಇರುವ ದೊಡ್ಡ ವಾದವೇ ಇದು.

ಪಿಯುಸಿ ಅಂಕದಲ್ಲಿ ಒಬ್ಬೊಬ್ಬರಿಗೂ 2 ಶೇಕಡದಷ್ಟು ಮಾತ್ರ ಗದ್ದಲ ಅಂತ ಇಟ್ಟುಕೊಂಡೆ, ಉದಾರವಾಗಿಯೇ. ಸಿಇಟಿಯದು ಮೇಲಿನ ಲೆಕ್ಕದ್ದು. ಎಲ್ಲ ಅರ್ಧ ಮಾಡಿ, ಇಬ್ಬರದ್ದೂ ಸೇರಿಸಿದರೆ, ಇಬ್ಬರ ನಡುವಿನ ಅಂತರದ ಗದ್ದಲ ಸುಮಾರು 2.2 ಬರುತ್ತದೆ. ಅವರ ನಡುವಿನ ಅಂತರ ಎಷ್ಟಿತ್ತು? 2.1.

ಈ ಎರಡು ಸಂಖ್ಯೆಗಳನ್ನು ನಾನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಗೆಳತಿ ಮುಂದಿದ್ದಾಳೆ ಅನ್ನುವುದಕ್ಕೆ ಆಧಾರ ಇದೆ, ಇಲ್ಲ ಅನ್ನಲ್ಲ. ಸಿಇಟಿಯ 20 ಅಂಕದ ಅಂತರವನ್ನು ಬರೀ ಅದೃಷ್ಟ ಅಂತ ತಳ್ಳಿಹಾಕೋಕೆ ಆಗಲ್ಲ, ಅಷ್ಟು ದೂರ ಗದ್ದಲ ಹೋಗುವುದಿಲ್ಲ. ಆದರೆ ಪಿಯುಸಿ ಸೇರಿಸಿದ ಮೇಲೆ ಉಳಿದ ಅಂತರ ಇದೆಯಲ್ಲ, ಅದು ತಕ್ಕಡಿಯ ಅಲುಗಾಟದಷ್ಟೇ ದೊಡ್ಡದು. ಎರಡು ಲಕ್ಷಕ್ಕೂ ಹೆಚ್ಚು ಮಂದಿಯ ಪಟ್ಟಿಯಲ್ಲಿ ಆ 2.1ರೊಳಗೆ ಸಾವಿರಾರು ರ‍್ಯಾಂಕ್ ಕೂತಿರುತ್ತವೆ. ಗೆಳತಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಕ್ಕಿತು. ನನ್ನ ತಂಗಿಗೆ ಅದೇ ಕಾಲೇಜಿನಲ್ಲಿ ಸಿವಿಲ್. ನಾಲ್ಕು ವರ್ಷ, ಆಮೇಲಿನ ಕೆಲಸ, ಎಲ್ಲ ಈ ಅಲುಗಾಟದ ಮೇಲೆ.

‘ಹಾಗಾದ್ರೆ ಎಲ್ಲಾನೂ ಎಂಸಿಕ್ಯೂ ಮಾಡಿಬಿಡಲಿ, ಇಲ್ಲಾ ಎಲ್ಲಾನೂ ಬರೆಸಲಿ, ಕಲಬೆರಕೆ ಯಾಕೆ?’ ಅಂತ ನನ್ನ ರೂಮ್‌ಮೇಟ್ ಕೇಳಿದ. ಅವನಿಗೆ ತೋರಿಸಿದ ಲೆಕ್ಕ ಇಲ್ಲೂ ಹಾಕುತ್ತೇನೆ, ಗಣಿತ ಬೇಡ ಅನ್ನುವವರು ಮುಂದಿನ ಪ್ಯಾರಾ ಬಿಟ್ಟು ಓದಬಹುದು.

ಒಂದು ಪತ್ರಿಕೆಯಲ್ಲಿ ಎಂಸಿಕ್ಯೂ ಭಾಗದ ಹರಹು 4 ಅಂಕ, ವಿಶ್ವಾಸಾರ್ಹತೆ 0.80. ದೀರ್ಘ ಉತ್ತರದ ಭಾಗದ ಹರಹು 10, ವಿಶ್ವಾಸಾರ್ಹತೆ 0.70. ಎರಡಕ್ಕೂ ಕೋರಿಲೇಷನ್ 0.6. ಹರಹಿನ ವರ್ಗಕ್ಕೆ ವೇರಿಯನ್ಸ್ ಅಂತೀವಲ್ಲ, ಅದರಲ್ಲಿ ಲೆಕ್ಕ ಹಾಕಿದರೆ ಎಂಸಿಕ್ಯೂನ ಗದ್ದಲ 3.2, ದೀರ್ಘ ಉತ್ತರದ್ದು 30. ಒಟ್ಟು ಪತ್ರಿಕೆಯ ವೇರಿಯನ್ಸ್ 164, ಅದರಲ್ಲಿ ಗದ್ದಲ 33.2. ವಿಶ್ವಾಸಾರ್ಹತೆ 0.80. ಈಗ ಎಂಸಿಕ್ಯೂ ಅಂಕವನ್ನು ಎರಡು ಪಟ್ಟು ಮಾಡಿದರೆ? ಲೆಕ್ಕ 0.835ಕ್ಕೆ ಏರುತ್ತದೆ. ಗದ್ದಲ ಕಡಿಮೆ ಇರುವ ಭಾಗಕ್ಕೆ ಹೆಚ್ಚು ತೂಕ, ಒಟ್ಟು ಸ್ಥಿರ.

ಇದನ್ನು ಭಾಗ ಭಾಗವಾಗಿಯೇ ಹಾಕಬೇಕು ಅನ್ನುವುದೂ ಮುಖ್ಯ. ಸರಿ–ತಪ್ಪು ಪ್ರಶ್ನೆಗಳಿಗೆ 1937ರಲ್ಲಿ ಕೂಡರ್ ಮತ್ತು ರಿಚರ್ಡ್‌ಸನ್ ಒಂದು ಸೂತ್ರ ಕೊಟ್ಟರು. 1951ರಲ್ಲಿ ಕ್ರಾನ್‌ಬ್ಯಾಕ್ ಅದನ್ನು ಯಾವ ಬಗೆಯ ಅಂಕಕ್ಕೂ ಹೊಂದುವ ಹಾಗೆ ಆಲ್ಫಾ ಎಂದು ಪ್ರಸಿದ್ಧ ಮಾಡಿದ. ಎಂಬಿಎ, ಎಂಎಡ್ ಮಾಡಿದವರು ಈ ಆಲ್ಫಾವನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಹಾಕಿಯೇ ಇರುತ್ತೀರಿ. ಆದರೆ ಪ್ರಶ್ನೆಗಳೆಲ್ಲ ಒಂದೇ ಜಾತಿಯವು ಅನ್ನುವ ನಂಬಿಕೆ ಅದರೊಳಗೆ ಕೂತಿದೆ. ಒಂದು ಅಂಕದ ಗುರುತು ಹಾಕುವ ಪ್ರಶ್ನೆಯನ್ನೂ ಐದು ಅಂಕದ ಸಾಧನೆಯನ್ನೂ ಒಂದೇ ಪಾತ್ರೆಗೆ ಹಾಕಿ ಆಲ್ಫಾ ತೆಗೆದರೆ ಉತ್ತರ ನಿಜಕ್ಕಿಂತ ಕಡಿಮೆಯೇ ಬರುವುದು ಸಾಮಾನ್ಯ. 1965ರಲ್ಲಿ ಕ್ರಾನ್‌ಬ್ಯಾಕ್ ಮತ್ತು ಇಬ್ಬರು ಸಂಗಡಿಗರು ಇದಕ್ಕೆ ಪರಿಹಾರ ಕೊಟ್ಟರು: ಒಂದೊಂದು ಭಾಗದ ಗದ್ದಲ ಬೇರೆಯಾಗಿ ತೆಗೆದು, ಆಮೇಲೆ ಕೂಡಿ. ನಾನು ಮೇಲೆ ಮಾಡಿದ್ದು ಅದನ್ನೇ. ಎಕ್ಸೆಲ್ ಸಾಕು.

ರೂಮ್‌ಮೇಟ್ ಗೆದ್ದವನಂತೆ ನಕ್ಕ. ಎಂಸಿಕ್ಯೂ ಜಾಸ್ತಿ ಮಾಡಿದರೆ ವಿಶ್ವಾಸಾರ್ಹತೆ ಏರುತ್ತದೆ, ನೀನೇ ಹೇಳಿದೆಯಲ್ಲ! ಹೌದು. ಕೋವಿಡ್ ಕಾಲದಲ್ಲಿ, 2021ರ ಜುಲೈ 19 ಮತ್ತು 22ರಂದು, ನಮ್ಮ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಪೂರ್ತಿ ಹಾಗೇ ನಡೆಯಿತು. ವಿಷಯಕ್ಕೆ 40 ಬಹು ಆಯ್ಕೆ ಪ್ರಶ್ನೆ, ಓಎಂಆರ್ ಹಾಳೆ, ಮೊದಲ ದಿನ ಗಣಿತ, ವಿಜ್ಞಾನ, ಸಮಾಜ ಮೂರೂ ಒಟ್ಟಿಗೆ, ಎರಡನೇ ದಿನ ಭಾಷೆಗಳು. ಅಂಥ ಸಂಕಟದಲ್ಲಿ ಅದು ಒಳ್ಳೆಯ ಏರ್ಪಾಡೇ, ಮೌಲ್ಯಮಾಪಕರ ಗದ್ದಲ ಸೊನ್ನೆ. ಆದರೆ ಕನ್ನಡ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯದೆ ಅಂಕ ಬಂತು. ಹತ್ತನೇ ತರಗತಿ ಮುಗಿಸಿದ ಹುಡುಗನಿಗೆ ಒಂದು ಪತ್ರ ಬರೆಯೋಕೆ ಬರುತ್ತದಾ ಅಂತ ಆ ಹಾಳೆ ಹೇಳಲಾರದು. ತಕ್ಕಡಿ ಸ್ಥಿರವಾಗಿದೆ, ಸರಿ. ತೂಗುತ್ತಿರುವುದು ನಮಗೆ ಬೇಕಾದ್ದನ್ನೇನಾ?

ಹಾಗಾಗಿ ಕಲಬೆರಕೆ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಎಷ್ಟು ಚೆನ್ನಾಗಿ ಬೆರೆಸುತ್ತೀರಿ ಅನ್ನುವುದೇ ಜಗಳ. ಈ ವಿಷಯದಲ್ಲಿ ನನಗೆ ಗೇಟ್ ಪರೀಕ್ಷೆ ಮೆಚ್ಚುಗೆ. 65 ಪ್ರಶ್ನೆ, 100 ಅಂಕ, ಮೂರು ಬಗೆ. ಮಾಮೂಲಿ ಎಂಸಿಕ್ಯೂಗೆ ತಪ್ಪಾದರೆ ಮೂರನೇ ಒಂದು ಭಾಗ ಕಳೆಯುತ್ತಾರೆ. ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗೆ ಕಳೆಯುವುದಿಲ್ಲ, ಪೂರ್ತಿ ಸರಿಯಿದ್ದರೆ ಮಾತ್ರ ಅಂಕ. ಕಣ್ಣುಮುಚ್ಚಿ ಹಾಕಿದರೆ 15ರಲ್ಲಿ ಒಂದು ಅವಕಾಶ, ಹಾಗಾಗಿ ಕಳೆಯುವ ಅಗತ್ಯವೇ ಇಲ್ಲ. ಮೂರನೆಯದು ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆ, ಅಲ್ಲಿ ಊಹೆಯ ಆಟ ನಡೆಯಲ್ಲ, ಮಷಿನ್ನೇ ಅಂಕ ಹಾಕುವುದರಿಂದ ಮೌಲ್ಯಮಾಪಕರ ಗದ್ದಲವೂ ಇಲ್ಲ. ಒಂದೊಂದು ಬಗೆಯ ಗದ್ದಲ ಎಲ್ಲಿಂದ ಬರುತ್ತದೆ ಅಂತ ನೋಡಿ ಅಂಕದ ನಿಯಮ ಹೊಲಿದಿದ್ದಾರೆ. ನೆಗೆಟಿವ್ ಮಾರ್ಕಿಂಗ್ ಬಗ್ಗೆ ಒಂದು ತಮಾಷೆ: ಕಳೆಯುವುದರಿಂದ ಕುರುಡು ಊಹೆಯ ಸರಾಸರಿ ಲಾಭ ಸೊನ್ನೆ ಆಗುತ್ತದೆ, ಆದರೆ ಹಟಕ್ಕೆ ಬಿದ್ದು ಊಹಿಸಿಯೇ ತೀರುವವನ ಓಲಾಟ ಇನ್ನೂ ಹೆಚ್ಚುತ್ತದೆ, ಪ್ರಶ್ನೆಗೆ 0.43ರಿಂದ 0.58ಕ್ಕೆ. ಹುಡುಗರು ಹೆದರಿ ಬಿಟ್ಟರೆ ಮಾತ್ರ ಅದು ಕೆಲಸ ಮಾಡುವ ಔಷಧ.

ಪ್ರಶ್ನೆಗಳ ಸಂಖ್ಯೆ ಕಡಿಮೆಯಾದರೂ ಗದ್ದಲ ಏರುತ್ತದೆ. 2024ರ ಸಿಇಟಿ ನೆನಪಿದೆಯಲ್ಲ? ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆಗಳನ್ನು ಕೈಬಿಟ್ಟು ಮೌಲ್ಯಮಾಪನ ಮಾಡಿದರು, ಗಣಿತದಲ್ಲೇ 15. ‘ಎಲ್ಲರಿಗೂ ಒಂದೇ ಥರ ಬಿಟ್ಟಿದ್ದಾರಲ್ಲ, ಅನ್ಯಾಯ ಏನು’ ಅಂದವರಿದ್ದರು. 60 ಪ್ರಶ್ನೆಗಳ ಪತ್ರಿಕೆಯ ವಿಶ್ವಾಸಾರ್ಹತೆ 0.90 ಇದ್ದಿದ್ದರೆ, 45ಕ್ಕೆ ಇಳಿಸಿದಾಗ ಅದು 0.87 ಆಗುತ್ತದೆ (ಸ್ಪಿಯರ್‌ಮನ್–ಬ್ರೌನ್ ಸೂತ್ರ, 1910ರದು). ಸಣ್ಣದಾಗಿ ಕಾಣುತ್ತದೆ, ಆದರೆ ಗದ್ದಲದ ಪಾಲು 10ರಿಂದ 13ಕ್ಕೆ ಏರಿತು ಅಂತ ಓದಿ. ಜೊತೆಗೆ, ಆ 15 ಪ್ರಶ್ನೆಗಳ ಮೇಲೆ ಪ್ರಾಮಾಣಿಕವಾಗಿ ಅರ್ಧ ಗಂಟೆ ತಲೆ ಕೆಡಿಸಿಕೊಂಡವರ ಸಮಯ ವಾಪಸ್ ಬರಲಿಲ್ಲ. ನೋಡಿದ ಕೂಡಲೇ ಬಿಟ್ಟು ಮುಂದೆ ಹೋದವರಿಗೆ ಲಾಭ. ಇದು ಯಾವ ಸೂತ್ರದಲ್ಲೂ ಕಾಣಲ್ಲ.

ಇನ್ನು 50:50ರ ವಿಷಯ. ಇದಕ್ಕೆ ಪರಿಹಾರ ಹೊಸದೇನಲ್ಲ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕಿನಲ್ಲಿ ಹನ್ನೆರಡನೇ ತರಗತಿಗೆ ಶೇ 40 ತೂಕ ಇತ್ತು. ಅಲ್ಲಿ ಬೋರ್ಡಿನ ಅಂಕವನ್ನು ಹಾಗೇ ಕೂಡಲಿಲ್ಲ. ತನ್ನ ಬೋರ್ಡಿನಲ್ಲಿ ಹುಡುಗ ಎಷ್ಟನೇ ಪರ್ಸೆಂಟೈಲ್ ಅಂತ ನೋಡಿ, ಅದಕ್ಕೆ ಸಮನಾದ ಜೆಇಇ ಅಂಕಕ್ಕೆ ಬದಲಾಯಿಸಿ, ಆಮೇಲೆ ಕೂಡಿದರು. ಆಗ ಎರಡರ ಹರಹೂ ಒಂದೇ ಆಗುತ್ತದೆ. ಆ ಪದ್ಧತಿಯ ಮೇಲೂ ದೂರುಗಳಿದ್ದವು, ಫಲಿತಾಂಶ ತಡವಾಗುತ್ತಿತ್ತು, 2017ರಿಂದ ಬೋರ್ಡಿನ ತೂಕವನ್ನೇ ತೆಗೆದುಹಾಕಿದರು. ನಾವು ತೂಕ ಉಳಿಸಿಕೊಂಡಿದ್ದೇವೆ, ಅದು ಒಳ್ಳೆಯದೇ, ಎರಡು ವರ್ಷದ ಓದಿಗೆ ಬೆಲೆ ಇರಬೇಕು. ಆದರೆ ಸಿಬಿಎಸ್‌ಇಯಿಂದ ಬಂದವರ ಶೇಕಡಾವನ್ನೂ ನಮ್ಮ ಬೋರ್ಡಿನ ಶೇಕಡಾವನ್ನೂ ಸಿಇಟಿಯ ಶೇಕಡಾವನ್ನೂ ಒಂದೇ ಅಳತೆಗೋಲು ಅಂದುಕೊಂಡು ಕೂಡುತ್ತಿದ್ದೇವೆ. ರೂಪಾಯಿ, ದಿರ್ಹಾಂ, ಡಾಲರ್ ಮೂರನ್ನೂ ವಿನಿಮಯ ದರ ನೋಡದೆ ಕೂಡಿದ ಹಾಗೆ.

2024ರಲ್ಲಿ ತಂದ ಮೂರು ಪರೀಕ್ಷೆಗಳ ಪದ್ಧತಿಯನ್ನೂ ಈ ಕಣ್ಣಲ್ಲಿ ನೋಡಬಹುದು. ಪರೀಕ್ಷೆ 1, 2, 3, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನು ಇಟ್ಟುಕೊಳ್ಳಬಹುದಿತ್ತು. ಒಂದು ದಿನದ ಜ್ವರದಿಂದ ವರ್ಷ ಹಾಳಾಗಬಾರದು, ಈ ಕಾರಣಕ್ಕೆ ನನಗೆ ಇಷ್ಟವೇ. ಲೆಕ್ಕದಲ್ಲಿ ಮಾತ್ರ, ಗದ್ದಲ 3 ಅಂಕದ್ದಾದರೆ, ಓದು ಹೆಚ್ಚಿಸದೆ ಮೂರು ಸಲ ಬರೆದು ಅತಿ ಹೆಚ್ಚಿನದನ್ನು ಹಿಡಿದುಕೊಂಡವರಿಗೆ ಸರಾಸರಿ ಎರಡೂವರೆ ಅಂಕ ಪುಕ್ಕಟೆ. ಮೂರರ ಸರಾಸರಿ ತೆಗೆದುಕೊಂಡರೆ ಗದ್ದಲ ಇಳಿಯುತ್ತದೆ, ಗರಿಷ್ಠ ತೆಗೆದುಕೊಂಡರೆ ಗದ್ದಲದಲ್ಲಿ ಮೇಲಕ್ಕೆ ಹಾರಿದ್ದನ್ನೇ ಆರಿಸಿಕೊಂಡ ಹಾಗಾಯಿತು.

ಮಕ್ಕಳ ಮಟ್ಟದಲ್ಲಿ ಮಾಡಬಹುದಾದ್ದು ಸ್ವಲ್ಪವೇ. ಪಿಯುಸಿ ಅಂಕ ಅನುಮಾನ ಹುಟ್ಟಿಸಿದರೆ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ಸ್ಕೀಮ್ ಪಕ್ಕದಲ್ಲಿಟ್ಟು ದೀರ್ಘ ಉತ್ತರಗಳನ್ನು ನೋಡಿ. ಗದ್ದಲ ಇದ್ದರೆ ಅಲ್ಲೇ, ಒಂದು ಅಂಕದ ಪ್ರಶ್ನೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಮತ್ತೆ, ಪಿಯುಸಿಯಲ್ಲಿ 94ರಿಂದ 96ಕ್ಕೆ ಏರೋಕೆ ಎಷ್ಟು ವಾರ ಓದುತ್ತೀರೋ ಅಷ್ಟೇ ವಾರದಲ್ಲಿ ಸಿಇಟಿಯಲ್ಲಿ ಹತ್ತು ಪ್ರಶ್ನೆ ಹೆಚ್ಚು ಸರಿ ಮಾಡಬಹುದಾ ಅಂತ ಯೋಚಿಸಿ. ಮೊದಲನೆಯದು ಒಟ್ಟಿಗೆ 1 ಸೇರಿಸುತ್ತದೆ, ಎರಡನೆಯದು 2.8. ಕೋಚಿಂಗ್ ಸೆಂಟರ್‌ಗಳಿಗೆ ಈ ಲೆಕ್ಕ ಯಾವತ್ತೋ ಗೊತ್ತು, ಹಳ್ಳಿಯ ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ನನ್ನನ್ನು ನಿಜವಾಗಿ ಕಾಡಿದ್ದು ಇದೇ. ‘ಬೋರ್ಡ್ ಎಕ್ಸಾಂಗೆ ಚೆನ್ನಾಗಿ ಓದು, ಅರ್ಧ ಅಲ್ಲೇ ಇದೆ’ ಅನ್ನುವ ಮಾತನ್ನು ನಂಬಿ ಓದುವವರು ಯಾರು ಅಂತ ನೋಡಿ.

ಪರೀಕ್ಷಾ ಪ್ರಾಧಿಕಾರ ಮತ್ತು ಪರೀಕ್ಷಾ ಮಂಡಳಿಯಿಂದ ನಾನು ಕೇಳುವುದು ದೊಡ್ಡದೇನೂ ಅಲ್ಲ. ಫಲಿತಾಂಶದ ಜೊತೆ ಹೆಸರಿಲ್ಲದ ನಾಲ್ಕು ಸಂಖ್ಯೆಗಳನ್ನು ಹಾಕಲಿ: ಪಿಯುಸಿ ಥಿಯರಿಯ ಹರಹು, ಪ್ರಾಕ್ಟಿಕಲ್ ಮತ್ತು ಇಂಟರ್ನಲ್ಸ್‌ನ ಹರಹು, ಸಿಇಟಿಯ ಹರಹು, ಒಟ್ಟು ಅಂಕದಲ್ಲಿ ಗದ್ದಲ ಎಷ್ಟು ಅನ್ನುವ ಅಂದಾಜು. ಇದಕ್ಕೆ ಬೇಕಾದ ಡೇಟಾ ಎಲ್ಲ ಅವರ ಸರ್ವರ್‌ನಲ್ಲೇ ಇದೆ. ಒಬ್ಬ ಎಂಜಿನಿಯರ್‌ಗೆ ಒಂದು ಮಧ್ಯಾಹ್ನದ ಕೆಲಸ, ಕಾಫಿ ಬ್ರೇಕ್ ಸೇರಿ.